ಕುಂಭಾರ್ಲಿ ಘಟ್ಟದ ತನಕ

ಜುಲೈ 14, 2024. ಭಾಲ್ಕಿ

ಇವತ್ತು ನಿಮ್ಮ ಕಾರಿನ ಹೊದಿಕೆ ತೆಗೆದೆ. ಏಪ್ರಿಲ್‌ನಲ್ಲಿ ನೀವೇ ಹೊದಿಸಿದ್ದು, ಅಂಚಿಗೆ ಕಟ್ಟಿದ ಗಂಟೂ ನಿಮ್ಮದೇ. ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಕತ್ತರಿಸಲು ಮನಸ್ಸಾಗಲಿಲ್ಲ. ಒಳಗೆ ಔರಾದ ಕಡೆಯ ಯಾವುದೋ ಎಮ್ಮೆಗೆಂದು ಒಯ್ದ ಇಂಜೆಕ್ಷನ್ನಿನ ಖಾಲಿ ಡಬ್ಬಿ, ಅರ್ಧ ಕುಡಿದ ನೀರಿನ ಬಾಟಲಿ. ಸೀಟು ನಿಮ್ಮ ಕಾಲಿನ ಅಳತೆಗೆ ಹಿಂದೆ ಸರಿದಿತ್ತು. ಕೂತು ನೋಡಿದೆ. ಪೆಡಲು ನನ್ನ ಕಾಲಿಗೆ ಸಿಗಲಿಲ್ಲ.

ಕಾರಣ ನಿಮ್ಮ ಅವ್ವ, ನನ್ನ ಅತ್ತೆ. ಬೆಳಿಗ್ಗೆ ಅವರ ತಂಗಿ ಮಹಾಮಾಯಾ ಮಾವಶಿಯ ಫೋನು ಬಂದಿತ್ತು. ಇಬ್ಬರಿಗೂ ಕಿವಿ ಮಂದ. "ಊಟ ಆತೇನು" ಎಂದು ಇವರು, "ಇಲ್ಲಿ ಭಾಳ ಮಳಿ" ಎಂದು ಅವರು, ಹೀಗೇ ಕೂಗಾಡಿ ಇಟ್ಟರು. ಆಮೇಲೆ ಅತ್ತೆ ವಾಕರ್ ಹಿಡಿದು ಅಂಗಳಕ್ಕೆ ಬಂದು ಕಾರಿನ ಮುಂದೆ ನಿಂತರು.

"ಸುಶೀಲ ಇದ್ದಿದ್ರ ದಸರಾ ಸೂಟಿಗಿ ನನ್ನ ಕರಕೊಂಡು ಹೋಗ್ತಿದ್ದ," ಅಂದರು. ಕೇಳಿದ್ದಲ್ಲ, ಸುಮ್ಮನೆ ಹೇಳಿದ್ದು.

ನಿಮಗೆ ಗೊತ್ತಿದ್ದದ್ದನ್ನೇ ನಿಮಗೆ ಬರೆಯುತ್ತಿದ್ದೇನೆ. ಬೇರೆ ಯಾರಿಗೆ ಬರೆಯಲಿ. ಮಾವಶಿ ಇರುವುದು ಕುಂಭಾರ್ಲಿ ಘಟ್ಟ ಇಳಿದ ಮೇಲೆ, ಕೊಂಕಣದಲ್ಲಿ. ಅವರ ಯಜಮಾನರು ಕೊಯ್ನಾದ ವಿದ್ಯುತ್ ಕೇಂದ್ರದಲ್ಲಿದ್ದರು, ಅವರು ಹೋದ ಮೇಲೂ ಮಾವಶಿ ಅಲ್ಲೇ ನಿಂತರು. ಮೊದಲು ವರ್ಷಕ್ಕೊಮ್ಮೆ ಅವರೇ ಬರುತ್ತಿದ್ದರು. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಶುರುವಾದ ಮೇಲೆ ಊರು ಬಿಡುವಂತಿಲ್ಲ. ಇತ್ತ ಅತ್ತೆಗೆ ಸೊಂಟ ಮುರಿದಾಗಿನಿಂದ ರೈಲಿನ ಮೆಟ್ಟಿಲು ಆಗದು. ಡೀಸೆಲ್, ಪೆಟ್ರೋಲಿನ ವಾಸನೆ ಮೊದಲಿನಿಂದಲೂ ಆಗದು, ಭಾಲ್ಕಿ ಬಸ್‌ಸ್ಟ್ಯಾಂಡ್ ದಾಟುವ ಮೊದಲೇ ವಾಂತಿ. ಅದಕ್ಕೇ ನೀವು ಹೈದರಾಬಾದಿಗೆ ಹೋಗಿ ಈ ಹಳೆಯ ಎಲೆಕ್ಟ್ರಿಕ್ ಕಾರು ತಂದಿರಿ. ತಂದ ಮೇಲೆ ನೀವು ಎರಡು ತಿಂಗಳೂ ಬದುಕಲಿಲ್ಲ.

ಮತ್ತೆ ಹೊದಿಕೆ ಹಾಕಲಿಲ್ಲ. ಮಳೆಯೇ ತೊಳೆಯಲಿ ಎಂದು ಬಿಟ್ಟಿದ್ದೇನೆ.

ಜುಲೈ 28

ನನ್ನ ಹತ್ತಿರ ಲೈಸೆನ್ಸ್ ಇದೆ. ನಿಮ್ಮ ಒತ್ತಾಯಕ್ಕೆ ಮಾಡಿಸಿದ್ದು. ಮಾಡಿಸಿದ ಮೇಲೆ ಒಂದು ದಿನವೂ ನಾನು ಓಡಿಸಲಿಲ್ಲ, ನೀವಿದ್ದಿರಿ.

ನಮ್ಮ ಓಣಿಯ ರಹೀಮುನ್ನಿಸಾ ಆಪಾ ಈಗ ನನ್ನ ಪಕ್ಕ ಕೂರುತ್ತಾರೆ. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಮೊಮ್ಮಕ್ಕಳನ್ನು ಸಾಲಿಗೆ ಬಿಡಲು ಕಾರು ಕಲಿತವರು. ಮೊದಲ ದಿನ ಸ್ವಿಚ್ ಒತ್ತಿ ಕೂತೆವು. ಸದ್ದೇ ಇಲ್ಲ. "ಚಾಲೂ ಆತೇನು ಇಲ್ಲೋ," ಎಂದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕಾಲು ಇಟ್ಟೆ, ಕಾರು ನುಗ್ಗಿ ಗೇಟಿಗೆ ಒಂದು ಗೇಣು ಉಳಿದಾಗ ನಿಂತಿತು.

"ಆಹಿಸ್ತಾ. ಇದು ಎಮ್ಮಿ ಅಲ್ಲ, ಹೊಡದು ಓಡಸ್ಲಿಕ್ಕ," ಅಂದರು ಆಪಾ.

ಸೀಟನ್ನು ಮುಂದಕ್ಕೆ ಎಳೆದೆ. ಎಳೆಯದೆ ದಾರಿಯಿರಲಿಲ್ಲ. ಕ್ಷಮಿಸಿ.

ಆಗಸ್ಟ್ 11

ಸೋಮವಾರದಿಂದ ಶನಿವಾರದ ತನಕ ಹಲಬರ್ಗಾದ ಶಾಲೆಗೆ ಕಾರಿನಲ್ಲೇ ಹೋಗಿಬಂದೆ. ಮಕ್ಕಳು ಕಿಟಕಿಗೆ ಮುಖ ಒತ್ತಿ, "ಟೀಚರ್, ಇದಕ್ಕ ಫೋನಿನಂಗ ಚಾರ್ಜ್ ಹಾಕ್ತೀರೇನ್ರಿ," ಎಂದರು. ಹತ್ತನೆಯವರಿಗೆ ವಿದ್ಯುತ್ ಪಾಠ ಬಂದಿತ್ತು, ಕಾರಿನ ಪಕ್ಕ ನಿಲ್ಲಿಸಿಕೊಂಡೇ ಹೇಳಿದೆ.

ಪೂರ್ತಿ ತುಂಬಿದರೆ ಇನ್ನೂರು ಕಿಲೋಮೀಟರು ತೋರಿಸುತ್ತದೆ. ನಿಜವಾಗಿ ಸಿಗುವುದು ಅದಕ್ಕಿಂತ ಕಡಿಮೆ. ಏಸಿ ಹಾಕಿದರೆ ಕಡಿಮೆ, ಏರು ಇದ್ದರೆ ಕಡಿಮೆ, ನಾನು ಹೆದರಿ ಬ್ರೇಕು ಒತ್ತಿದರೂ ಕಡಿಮೆ. ನಿಮ್ಮ ಕೈಯಲ್ಲಿ ಎಷ್ಟು ಬರುತ್ತಿತ್ತೋ ಕೇಳಿಯೇ ಇರಲಿಲ್ಲ. ಕೇಳದೆ ಉಳಿದದ್ದು ಎಷ್ಟು.

ಸಂಜೆ ಬೀದರದಿಂದ ನಮ್ಮ ಮಾಣಿಕ ಅಣ್ಣನ ಫೋನು. ರೊಟ್ಟಿ ಬಡಿಯುತ್ತಿದ್ದೆ, ಸ್ಪೀಕರ್ ಜೋರಾಗಿ ಹಾಕಿದೆ. ಕಾರು ಯಾಕೆ ಇಟ್ಟುಕೊಂಡಿದ್ದೀ, ಮಾರು, ಇಲ್ಲಿಗೆ ಬಂದುಬಿಡು, ನಮ್ಮ ಮೇಲಿನ ಖೋಲಿ ಖಾಲಿಯೇ ಇದೆ ಎಂದ. "ಮೂವತ್ತೆಂಟು ಏನ್ ವಯಸ್ಸು ಆತೇಳು," ಎಂದೂ ಅಂದ. ಅತ್ತೆ ಎಂದು ನಾನು ಬಾಯಿ ತೆಗೆದಾಗ, "ಆಕಿಗಿ ಏನರೆ ವ್ಯವಸ್ಥಾ ಮಾಡೋಣು" ಎಂದ. ಅತ್ತೆ ಪಕ್ಕದ ಖೋಲಿಯಲ್ಲೇ ಇದ್ದರು. ಕಿವಿ ಮಂದ, ಕೇಳಿಸಿರಲಿಕ್ಕಿಲ್ಲ.

ಆಗಸ್ಟ್ 25

ಅತ್ತೆಯನ್ನು ಕೂರಿಸಿಕೊಂಡು ಮೊದಲ ಸಲ ದೂರ ಹೋದೆ. ಭಾಲ್ಕಿಯಿಂದ ಬೀದರ, ಅಲ್ಲಿಂದ ಜನವಾಡದ ಮೇಲೆ ಔರಾದ. ಔರಾದದ ಹತ್ತಿರದ ಹಳ್ಳಿ ಅವರ ತವರು.

ಬೀದರದ ದಿಬ್ಬ ಇಳಿದು ಜನವಾಡದ ಕಡೆ ತಿರುಗುವಾಗ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದೆ. ಆದರೆ ಪೆಡಲಿನಿಂದ ಕಾಲು ತೆಗೆದರೆ ಕಾರು ತಾನೇ ಹಿಡಿದು ನಿಧಾನವಾಗುತ್ತದೆ, ಇಳಿಯುವ ವೇಗವನ್ನೇ ತಿರುಗಿ ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಇದನ್ನು ಅತ್ತೆಗೆ ಹೇಳಿದೆ.

"ಇಳೀವಾಗ ತಾನ ತುಂಬ್ಕೊಳ್ತದ?" ಅವರು ನಂಬಲಿಲ್ಲ. ಮಾಂಜ್ರಾ ದಾಟುವ ತನಕ ಪರದೆಯ ಅಂಕಿ ನೋಡುತ್ತಲೇ ಕೂತರು.

ತವರಿನಲ್ಲಿ ಅವರ ಮನೆಯಿದ್ದ ಜಾಗದಲ್ಲಿ ಈಗ ಅಂಗನವಾಡಿ ಇದೆ. ಕಾರು ನಿಲ್ಲಿಸಿದೆ, ಅವರು ಇಳಿಯಲಿಲ್ಲ. ಕಿಟಕಿಯಿಂದ ಬೊಟ್ಟು ಮಾಡಿ, "ಅಲ್ಲಿ ಬಾವಿ ಇತ್ತು. ನಮ್ಮಪ್ಪ ನಾಗಪುರದಿಂದ ಬೌದ್ಧ ಆಗಿ ಬಂದ ಮುಂದಿನ ವರ್ಷ ಆಕಿ ಹುಟ್ಟಿದ್ದು. ಅದಕ ಆಕಿಗಿ ಬುದ್ಧನ ತಾಯಿದು, ಮಹಾಮಾಯಾ ಅಂತ ಹೆಸರ ಸಿಕ್ತು. ನಾ ಮೊದಲೇ ಹುಟ್ಟಿದಾಕಿ, ಕೇಶರಬಾಯಿನೇ ಆಗಿ ಉಳದೆ," ಅಂದರು. ಆ ಹೆಸರಿಗಾಗಿ ಚಿಕ್ಕವರಿದ್ದಾಗ ತಂಗಿಯ ಮೇಲೆ ಹೊಟ್ಟೆಕಿಚ್ಚಿತ್ತಂತೆ. ತಂಗಿಯನ್ನು ಕಂಕುಳಲ್ಲಿ ಹೊತ್ತೇ ಕಳೆ ತೆಗೆಯಲು ಹೋಗುತ್ತಿದ್ದರಂತೆ.

ವಾಪಸು ಬರುವ ತನಕ ಒಂದು ಸಲವೂ ವಾಂತಿಯಾಗಲಿಲ್ಲ. ಮನೆ ತಲುಪಿದ ಮೇಲೆ ಅವರು ಕಾರಿನ ಬಾಗಿಲಿಗೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತರು. ನಿಮ್ಮನ್ನು ನೆನೆಸಿಕೊಂಡಿರಬೇಕು. ನೀವು ಹೋದ ದಿನವೂ ಅವರು ಅಳಲಿಲ್ಲ, ಇವತ್ತಿಗೂ ಅತ್ತಿಲ್ಲ. ನಿಮ್ಮ ಹೆಸರು ತೆಗೆದರೆ ಎದ್ದು ಒಳಗೆ ಹೋಗುತ್ತಾರೆ. ನಾನೂ ತೆಗೆಯುವುದನ್ನು ಬಿಟ್ಟಿದ್ದೇನೆ.

ಸೆಪ್ಟೆಂಬರ್ 19

ಮಾವಶಿಯ ಮಗ ರತ್ನದೀಪನ ಫೋನು. ಮಾವಶಿಯ ಹೃದಯವೂ ಸೋತಿದೆಯಂತೆ. ಡಾಕ್ಟರು ದಿನ ಹೇಳುತ್ತಿಲ್ಲ. "ವಹಿನಿ, ಅವಳು ಅಕ್ಕಾ ಅಕ್ಕಾ ಅಂತಿದ್ದಾಳೆ," ಎಂದ. ಅತ್ತೆಗೆ ಅರ್ಧವೇ ಹೇಳಿದೆ. ಉಳಿದರ್ಧ ಅವರಿಗೆ ನನ್ನ ಮುಖದಲ್ಲೇ ಗೊತ್ತಾಯಿತು.

ದಸರಾ ಸೂಟಿ ಬಂದ ಕೂಡಲೇ ಹೊರಡುವುದು.

ಅಕ್ಟೋಬರ್ 5. ಪಂಢರಪುರ

ಬೆಳಕು ಹರಿಯುವಾಗ ಹೊರಟೆವು. ಅತ್ತೆಯದು ಒಂದು ದೊಡ್ಡ ಚೀಲ, ಒಂದು ಟ್ರಂಕು. ಮೇಲೆ ಜೋಳದ ಹಿಟ್ಟು, ಸೇಂಗಾ ಹಿಂಡಿ, ಒಣಗಿಸಿದ ಪುಂಡಿಪಲ್ಯ. "ಇಷ್ಟ್ಯಾಕ್ರಿ," ಎಂದೆ. "ಅಲ್ಲಿ ಬರೇ ಅನ್ನ ತಿಂತಾರ," ಎಂದರು. ಟ್ರಂಕು ಎತ್ತಿಡಲು ಆಪಾ ಬರಬೇಕಾಯಿತು. ಆಪಾ ನನ್ನ ಕೈಗೆ ಒಂದು ದಪ್ಪ ವೈರು ಕೊಟ್ಟರು. "ರಸ್ತೇದಾಗ ಯಾರ ಮನ್ಯಾಗರೆ ಕರೆಂಟು ಕೇಳು. ಇಲ್ಲ ಅನ್ನೋರು ಕಮ್ಮಿ."

ಬಸವಕಲ್ಯಾಣ, ಉಮರ್ಗಾ, ಸೋಲಾಪುರ. ಹೆದ್ದಾರಿಯ ಚಾರ್ಜರ್ ಹತ್ತಿರ ಒಂದೊಂದು ತಾಸು ಕೂತೆವು. ಬೇರೆ ಕಾರಿನವರು ಬಂದು ಹತ್ತು ನಿಮಿಷಕ್ಕೆ ಡೀಸೆಲ್ ಹಾಕಿಸಿ ಹೋಗುವಾಗ ನಾವು ಬೇವಿನ ನೆರಳಿನಲ್ಲಿ ರೊಟ್ಟಿ ತಿಂದೆವು. ನಿಮ್ಮ ಜೊತೆ ಹೀಗೆ ಒಂದು ದಾರಿಯಲ್ಲಿ ಕೂತು ಉಂಡದ್ದು ನೆನಪಿಲ್ಲ. ದನದ ಡಾಕ್ಟರು, ನೀವು ಯಾವಾಗಲೂ ಯಾರದೋ ಹಸು ಈಯುವುದಕ್ಕೆ ಓಡುತ್ತಿದ್ದಿರಿ. ನನಗೆ ಅದರ ಮೇಲೆ ಸಿಟ್ಟಿತ್ತು. ಈಗ ಆ ಸಿಟ್ಟೂ ಬೇಕೆನಿಸುತ್ತದೆ.

ನಾಳೆ ಕರಾಡ, ಆಮೇಲೆ ಘಟ್ಟ. ಘಟ್ಟದ ತುದಿ ತಲುಪಿದರೆ ಸಾಕು, ಮುಂದೆಲ್ಲ ಇಳುಕಲು. ಮಾವಶಿಯ ಊರು ಘಟ್ಟದ ಬುಡದಲ್ಲೇ.

ಅಕ್ಟೋಬರ್ 7. ಮಾವಶಿಯ ಮನೆ

ನಿನ್ನೆ ಬರೆಯಲಾಗಲಿಲ್ಲ. ಈಗ ಬೆಳಿಗ್ಗೆ, ಹೊರಗೆ ಕೂತು ಬರೆಯುತ್ತಿದ್ದೇನೆ.

ಕರಾಡ ತಲುಪಿದಾಗ ಬ್ಯಾಟರಿ ಶೇಕಡಾ ಇಪ್ಪತ್ತರ ಹತ್ತಿರ ಬಂದಿತ್ತು. ನಾನು ನಂಬಿಕೊಂಡಿದ್ದ ಚಾರ್ಜರ್ ಕೆಟ್ಟಿತ್ತು. ಇನ್ನೊಂದು ಕಡೆ ಸರದಿ. ಸರದಿ ಬಂದು, ವೈರು ಸಿಕ್ಕಿಸಿ, ನಲವತ್ತೊಂದಕ್ಕೆ ಏರುವಷ್ಟರಲ್ಲಿ ಗುಡುಗು ಹೊಡೆಯಿತು, ಕರೆಂಟು ಹೋಯಿತು. ಕಾದೆವು. ಬರಲಿಲ್ಲ. ಅಲ್ಲಿದ್ದವನು ರಾತ್ರಿಯಾಗಬಹುದು ಎಂದ. ರಾತ್ರಿ ಮಳೆಯಲ್ಲಿ ಘಟ್ಟ ಇಳಿಯುವ ಧೈರ್ಯ ನನಗಿಲ್ಲ. ಮರುದಿನ ಹೋಗೋಣವೆಂದರೆ, ಆಗಲೇ ರತ್ನದೀಪನ ಫೋನು ಬಂದಿತ್ತು. ಮಾವಶಿ ಬೆಳಗಿನಿಂದ ಕಣ್ಣು ತೆರೆದಿಲ್ಲ ಎಂದಿದ್ದ.

ಘಟ್ಟದ ತುದಿಗೆ ಅರವತ್ತು ಕಿಲೋಮೀಟರು. ಎಲ್ಲ ಸರಿಯಿದ್ದರೆ ನಲವತ್ತೊಂದು ಸಾಕು. ಹೊರಟೆ.

ಎಲ್ಲ ಸರಿಯಿರಲಿಲ್ಲ. ಪಾಟಣದ ಹತ್ತಿರ ಮೋರಿಯ ಮೇಲೆ ನೀರು ಹರಿಯುತ್ತಿತ್ತು, ಪೊಲೀಸರು ಹಳ್ಳಿಯ ರಸ್ತೆಗೆ ತಿರುಗಿಸಿದರು. ಸುತ್ತಿ ಬಳಸಿ ಮತ್ತೆ ಹೆದ್ದಾರಿಗೆ ಬರುವಾಗ ಅಂಕಿ ನಾನು ನೋಡಬಾರದಷ್ಟು ಇಳಿದಿತ್ತು. ಏಸಿ ತೆಗೆದೆ. ಗಾಜು ಮಬ್ಬಾಯಿತು, ಅತ್ತೆ ತಮ್ಮ ಸೆರಗಿನಿಂದ ಒರೆಸುತ್ತಾ ಕೂತರು. ಲಾರಿಗಳ ಹಿಂದೆ ತೆವಳಿದೆ. ಎಡಕ್ಕೆ ಕೊಯ್ನಾ ನದಿ ಕೆಂಪಾಗಿ ಹರಿಯುತ್ತಿತ್ತು. ನೋಡಲು ಧೈರ್ಯ ಬರಲಿಲ್ಲ.

ಕೊಯ್ನಾನಗರ ದಾಟಿದ ಮೇಲೆ ಪರದೆ ಹಳದಿಯಾಯಿತು. ಮುಂದೆ ಕಡೆಯ ಏರು. ರಸ್ತೆ ಬದಿಗೆ ನಿಲ್ಲಿಸಿದೆ. ಒಂದು ಮನೆ ಕಂಡಿತ್ತು, ಆಪಾ ಕೊಟ್ಟ ವೈರು ಹಿಡಿದು ಓಡಿದೆ. ಬಾಗಿಲು ತೆರೆದ ಹೆಂಗಸು ಪಾಪ ಒಳಗೆ ಬನ್ನಿ ಎಂದಳು. ಆದರೆ ಅವರಲ್ಲೂ ಕರೆಂಟಿರಲಿಲ್ಲ.

ತಿರುಗಿ ಬಂದಾಗ ಅತ್ತೆ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟಿದ್ದರು. ಮಳೆ ಮೊಣಕಾಲಿನ ಮೇಲೆ ಬೀಳುತ್ತಿತ್ತು.

"ಏನ್ ಮಾಡ್ಲಿಕತ್ತೀರಿ?"

"ನಾ ಇಲ್ಲೇ ಆ ಹೆಣ್ಮಗಳ ಮನ್ಯಾಗ ಇಳೀತೇನಿ. ಭಾರ ಕಮ್ಮಿ ಆಗ್ತದ. ನೀ ಹೋಗಿ ರತ್ನದೀಪಗ ಕಳಸು."

"ನಿಮ್ಮ ಸಲುವಾಗೇ ಹೊಂಟೀವಿ, ನಿಮ್ಮನ್ನ ಇಳಿಸಿ ನಾ ಯಾಕ ಹೋಗ್ಲಿ? ಕಾಲ ಒಳಗ ತಗೋರಿ. ಇಳಸೋದಿದ್ರ ಟ್ರಂಕು ಇಳಸೋಣು. ಆಕಿ ಮನ್ಯಾಗ ಇಟ್ಟು ನಾಳಿ ಒಯ್ಯೋಣು."

"ಟ್ರಂಕು ಬ್ಯಾಡ," ಅಂದರು ಅತ್ತೆ ಥಟ್ಟನೆ.

ಆದರೂ ನಾನು ಹಿಂದಿನ ಬಾಗಿಲು ತೆರೆದೆ. ಎಳೆಯುವಾಗ ಟ್ರಂಕಿನ ಚಿಲಕ ಜಾರಿತು. ಅದರಲ್ಲಿದ್ದದ್ದು ಎಂಟು ದಿನದ ಬಟ್ಟೆ ಮಾತ್ರ ಅಲ್ಲ. ಅವರ ಎಲ್ಲ ಸೀರೆಗಳಿದ್ದವು, ಚಳಿಗಾಲದ ಕೌದಿ ಇತ್ತು, ಸ್ಟೀಲಿನ ತಾಟು, ಲೋಟ, ಬಾಬಾಸಾಹೇಬರ ಚಿಕ್ಕ ಫೋಟೋ ಇತ್ತು. ಸೀರೆಗಳ ನಡುವೆ ನಿಮ್ಮ ಫೋಟೋ. ಅವರ ಮಂಚದ ಮೇಲಿನ ಗೋಡೆಯಲ್ಲಿದ್ದದ್ದು. ಹೊರಡುವ ದಿನ ಆ ಗೋಡೆಯನ್ನು ನಾನು ನೋಡಿಯೇ ಇರಲಿಲ್ಲ.

ಮಳೆಯಲ್ಲಿ ನಿಂತೇ ಕೇಳಿದೆ. "ಅತ್ತಿ, ನೀವು ವಾಪಸ್ ಬರೋರಿಲ್ಲೇನು?"

ಅವರು ಮುಂದಿನ ಗಾಜನ್ನೇ ನೋಡುತ್ತಿದ್ದರು. "ನಿಮ್ಮಣ್ಣ ಅಂದದ್ದು ನನಗ ಕೇಳಿಸ್ತು. ಅವಂದೇನ್ ತಪ್ಪಿಲ್ಲ ಬಿಡು. ನಿಂದಿನ್ನೂ ಬಾಳೋ ವಯಸ್ಸು. ನಾ ಅಲ್ಲಿದ್ರ ನಿನ್ನ ದಾರಿಗಿ ಅಡ್ಡ. ಇಲ್ಲಿ ತಂಗಿ ಬಲ್ಲಿ ಇರ್ತೇನಿ. ಆಕಿ ಇರೋ ತನಕ ಆಕಿ, ಮುಂದ ರತ್ನದೀಪ."

ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ಗೊತ್ತಿಲ್ಲ. ಟ್ರಂಕಿನ ಚಿಲಕ ಹಾಕಿದೆ. ಇಳಿಸಲಿಲ್ಲ. ಒದ್ದೆ ಕೈಯಲ್ಲೇ ಸ್ಟಿಯರಿಂಗ್ ಹಿಡಿದು ಹೊರಟೆ.

ಆ ಏರಿನಲ್ಲಿ ಅಂಕಿ ಐದಕ್ಕೆ ಬಂದಾಗ ಕಾರು ತಾನೇ ವೇಗ ಇಳಿಸಿತು. ಎಷ್ಟು ಒತ್ತಿದರೂ ಸೈಕಲ್ಲಿನಷ್ಟೇ. ಹಿಂದಿನ ಲಾರಿಯವನು ಒಮ್ಮೆ ಹಾರ್ನ್ ಹೊಡೆದ. ನನ್ನ ಮುಖ ಕನ್ನಡಿಯಲ್ಲಿ ಕಂಡಿತೋ ಏನೋ, ಆಮೇಲೆ ಹೊಡೆಯಲಿಲ್ಲ. ಎರಡೂ ಕಡೆಯ ದೀಪ ಮಿನುಗಿಸುತ್ತಾ ನಮ್ಮ ಹಿಂದೆಯೇ ನಿಧಾನವಾಗಿ ಬಂದ. ಬೇರೆಯವರು ನುಗ್ಗದ ಹಾಗೆ ನೋಡಿಕೊಂಡ. ಅತ್ತೆ ಎರಡು ಕೈಯಿಂದ ಮುಂದಿನ ಡ್ಯಾಶ್‌ಬೋರ್ಡನ್ನು ಒತ್ತಿ ಹಿಡಿದಿದ್ದರು, ಒಳಗಿನಿಂದಲೇ ದೂಡುವವರ ಹಾಗೆ.

ಮೂರು. ಒಂದು ತಿರುವು. ಅದರಾಚೆ ಮಂಜು, ಮಂಜಿನಲ್ಲಿ ಒಂದು ಚಹದ ಅಂಗಡಿ. ಅಲ್ಲಿಗೆ ರಸ್ತೆ ಮೂಗು ತಗ್ಗಿಸಿತು. ಪೆಡಲಿನಿಂದ ಕಾಲು ತೆಗೆದೆ. ಕಾರು ತನ್ನಷ್ಟಕ್ಕೆ ಇಳಿಯತೊಡಗಿತು. ಲಾರಿಯವನು ದಾಟಿ ಹೋಗುವಾಗ ಕಿಟಕಿಯಿಂದ ಕೈ ತೋರಿಸಿದ.

ತಿರುವು ತಿರುವಿಗೂ ಒಂದೊಂದೇ ಅಂಕಿ ಹೆಚ್ಚಾಯಿತು. ಅತ್ತೆ, ಇನ್ನು ನಿಮ್ಮ ಹಾಗೆ ನನಗೂ ಅವ್ವ, ಅದನ್ನು ಬಾಯಲ್ಲಿ ಎಣಿಸಿದಳು. ನಾಲ್ಕು, ಐದು, ಆರು. ಬುಡ ಮುಟ್ಟಿದಾಗ ಎಂಟಿತ್ತು.

ರತ್ನದೀಪ ಛತ್ರಿ ಹಿಡಿದು ಗೇಟಿನಲ್ಲಿದ್ದ. ಅವ್ವ ವಾಕರ್ ಕೇಳಲಿಲ್ಲ. ಅವನ ಹೆಗಲು ಹಿಡಿದೇ ಒಳಗೆ ಹೋದಳು. ಮಂಚದ ಅಂಚಿಗೆ ಕೂತು ತಂಗಿಯ ಕಿವಿಗೆ ಬಾಯಿ ಹಚ್ಚಿ, ಓಣಿಗೆಲ್ಲ ಕೇಳುವಷ್ಟು ಜೋರಾಗಿ, "ಮಹಾಮಾಯಾ, ಊಟ ಆತೇನು?" ಎಂದಳು.

ಮಾವಶಿ ಕಣ್ಣು ತೆರೆದರು. ಬಹಳ ಹೊತ್ತು ನೋಡಿದರು.

"ನೀ ಹ್ಯಾಂಗ ಬಂದಿ," ಎಂದರು.

ಅಕ್ಟೋಬರ್ 10

ಮಾವಶಿ ಎದ್ದು ಕೂರುವಷ್ಟಾಗಿದ್ದಾರೆ. ಇನ್ನೂ ಸ್ವಲ್ಪ ದಿನ ಎಂದು ಡಾಕ್ಟರು ಹೇಳಿದ್ದಾರೆ, ಎಷ್ಟೆಂದು ಹೇಳಿಲ್ಲ. ಅಕ್ಕ ತಂಗಿ ಒಂದೇ ಮಂಚದಲ್ಲಿ ಮಲಗುತ್ತಾರೆ. ಹಗಲಿಡೀ ಮಾತು. ಎಂದೋ ಸತ್ತ ನಾಯಿಗಳ ಹೆಸರು, ಯಾರೋ ಕದ್ದ ಸೌತೆಕಾಯಿ. ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ, ಆದರೂ ಸರಿಯಾದ ಜಾಗದಲ್ಲಿ ಇಬ್ಬರೂ ನಗುತ್ತಾರೆ.

ನಾನು ರೊಟ್ಟಿ ಬಡಿದು ಕೊಡುತ್ತೇನೆ. ಇಲ್ಲಿ ಎಲ್ಲ ಹಸಿರು, ಎಲ್ಲ ಒದ್ದೆ. ಬಟ್ಟೆ ಒಣಗುವುದಿಲ್ಲ. ನಮ್ಮ ಕೆಂಪು ನೆಲದ ಬಿಸಿಲು ನೆನಪಾಗುತ್ತದೆ.

ಟ್ರಂಕು ಮಂಚದ ಕೆಳಗೆ ಹೋಗಿದೆ. ಅವ್ವನಿಗೆ ನಾನು ಬಾ ಎನ್ನಲಿಲ್ಲ. ತಂಗಿಯನ್ನು ಬಿಟ್ಟು ಬಾ ಎಂದು ಯಾವ ಬಾಯಿಂದ ಹೇಳಲಿ?

ಅಕ್ಟೋಬರ್ 13. ಕರಾಡ

ಒಬ್ಬಳೇ ಘಟ್ಟ ಹತ್ತಿದೆ. ರತ್ನದೀಪನ ಮನೆಯಲ್ಲಿ ಇಡೀ ದಿನ ವೈರು ಹಾಕಿ ತುಂಬಿಸಿದ್ದೆ, ಬ್ಯಾಟರಿಯ ಚಿಂತೆ ಇರಲಿಲ್ಲ. ಬಿಸಿಲಿತ್ತು. ತುದಿಯ ಚಹದ ಅಂಗಡಿಯಲ್ಲಿ ನಿಂತೆ. ಕೆಳಗೆ ಕೊಂಕಣ ಪೂರ್ತಿ ಕಾಣುತ್ತಿತ್ತು, ಮಾವಶಿಯ ಊರಿನ ತೆಂಗಿನ ಗುಂಪೂ. ಎರಡು ಚಹಾ ಹೇಳಿಬಿಟ್ಟೆ. ಅಂಗಡಿಯವನು ಇನ್ನೊಬ್ಬರು ಎಲ್ಲಿ ಎಂದು ನೋಡಿದ. ಎರಡನ್ನೂ ನಾನೇ ಕುಡಿದೆ.

ಈ ಕಾರಿಗೆ ಸದ್ದಿಲ್ಲ ಎನ್ನುವುದು ಇವತ್ತು ತಿಳಿಯಿತು.

ಅಕ್ಟೋಬರ್ 27. ಭಾಲ್ಕಿ

ಮಾಣಿಕ ಅಣ್ಣ ಬಂದಿದ್ದ. ಬೀದರದಲ್ಲಿ ಕಾರು ಕೊಳ್ಳುವವರು ಇದ್ದಾರಂತೆ. "ಇನ್ನ ನಿನಗ ಹಿಡದು ಇಡೋದು ಏನದ," ಎಂದ. ಒಳ್ಳೆಯದಕ್ಕೇ ಹೇಳುತ್ತಾನೆ. ಊಟಕ್ಕೆ ಬಡಿಸಿದೆ. ಅವ್ವನ ತಾಟು ಇಡುತ್ತಿದ್ದ ಜಾಗಕ್ಕೆ ಕೈ ಹೋಯಿತು. ಅದು ಖಾಲಿ.

"ಕಾರು ಮಾರೋದಿಲ್ಲ. ನನಗ ಸಾಲಿಗಿ ಹೋಗ್ಲಿಕ್ಕ ಬೇಕು," ಎಂದೆ. ಅವನು ಮತ್ತೆ ಕೇಳಲಿಲ್ಲ.

ನವೆಂಬರ್ 3

ದೀಪಾವಳಿ ಕಳೆಯಿತು. ಓಣಿಯಲ್ಲಿ ಪಟಾಕಿ. ಫೋನಿನಲ್ಲಿ ಅವ್ವ, "ಊಟ ಆತೇನು," ಅಂದಳು. ಆತು ಅಂದೆ. ಆಗಿರಲಿಲ್ಲ.

ನವೆಂಬರ್ 17

ಇವತ್ತು ಭಾತಂಬ್ರಾಕ್ಕೆ ಹೋಗಿದ್ದೆ, ಶಾಲೆಯ ಜವಾನ ಹಣಮಂತನ ಮಗಳ ಲಗ್ನ. ಬರುವಾಗ ಹಣಮಂತನ ತಾಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಭಾಲ್ಕಿಯ ದವಾಖಾನೆಗೆ ಬಿಟ್ಟೆ. ದಾರಿಯುದ್ದಕ್ಕೂ ಮುದುಕಿ ಕಿಟಕಿಯಿಂದ ತೊಗರಿ ಹೊಲ ನೋಡುತ್ತಾ ಹಾಡಿಕೊಂಡಳು. ಮನೆಗೆ ಬಂದು ಬಹಳ ಹೊತ್ತು ಕಾರಿನಲ್ಲೇ ಕೂತಿದ್ದೆ.

ಕಾರ್ತಿಕದ ಚಳಿ ಶುರುವಾಗಿದೆ. ಅವ್ವ ಕೌದಿಯನ್ನೂ ಒಯ್ದಿದ್ದಾಳೆ. ಅಲ್ಲಿ ಕೌದಿ ಬೇಕಾಗುವಷ್ಟು ಚಳಿಯೇ ಇಲ್ಲವಂತೆ.

ನವೆಂಬರ್ 29

ಮಾವಶಿ ಹೋದರು. ಬೆಳಗಿನ ಜಾವ, ನಿದ್ದೆಯಲ್ಲೇ. ಅವ್ವ ಪಕ್ಕದಲ್ಲೇ ಮಲಗಿದ್ದಳಂತೆ, ಎದ್ದ ಮೇಲೆ ತಿಳಿಯಿತಂತೆ. ರತ್ನದೀಪ ಹೇಳಿದ. ಅವ್ವ ಫೋನಿಗೆ ಬರಲಿಲ್ಲ.

ಹೆಡ್‌ಮಾಸ್ಟರರಿಗೆ ರಜೆ ಬೇಕೆಂದು ಹೇಳಿ, ಕಾರಿಗೆ ವೈರು ಸಿಕ್ಕಿಸಿ ಬಂದೆ.

ಡಿಸೆಂಬರ್ 5. ಭಾಲ್ಕಿ

ನಿನ್ನೆ ಸಂಜೆ ಮನೆ ತಲುಪಿದೆವು.

ಮಾವಶಿಯ ಮನೆಯಲ್ಲಿ ಅವ್ವ ಅದೇ ಮಂಚದ ಅಂಚಿಗೆ ಕೂತಿದ್ದಳು. ನನ್ನನ್ನು ನೋಡಿ, "ಅಷ್ಟು ದೂರದಿಂದ ಯಾಕ ಬಂದಿ," ಎಂದಳು. ಕರೆದುಕೊಂಡು ಹೋಗಲು ಬಂದೆ ಎಂದೆ. ಅವಳು ತಲೆ ಅಲ್ಲಾಡಿಸಿದಳು. "ಹೇಳಿನಲ್ಲ ನಿನಗ. ನಿಂದು ವಯಸ್ಸದ."

"ಇದ್ರ ಇರ್ಲಿ. ವಯಸ್ಸಿಗಿ ನೀವೇನ್ ಮಾಡ್ತೀರಿ," ಎಂದೆ. "ನಾಳಿ ನನಗ ಯಾರರೆ ಸಿಕ್ಕರ ನಿಮಗೇ ಮೊದಲ ಹೇಳ್ತೇನಿ. ಈಗ ನನಗ ಆ ಮನ್ಯಾಗ ಒಬ್ಬಾಕಿಗೇ ಇರ್ಲಿಕ್ಕ ಆಗವಲ್ದು. ನಿಮ್ಮ ಸಲುವಾಗಿ ಬಂದಿಲ್ಲ ನಾ. ನನ್ನ ಸಲುವಾಗಿ ಬಂದೀನಿ."

ಇದನ್ನು ಹೇಳಬೇಕೆಂದು ದಾರಿಯಲ್ಲಿ ಯೋಚಿಸಿರಲಿಲ್ಲ. ಅವ್ವ ರತ್ನದೀಪನನ್ನು ಕರೆದು, ಮಂಚದ ಕೆಳಗಿನದನ್ನು ಎಳೆ ಎಂದಳು.

ಕರ್ಮದ ದಿನಗಳು ಮುಗಿಯುವ ಮೊದಲೇ ಹೊರಟದ್ದಕ್ಕೆ ಕಾಲೊನಿಯಲ್ಲಿ ಒಂದಿಬ್ಬರು ಗೊಣಗಿದರು. ಅವಳೇ ಉತ್ತರ ಕೊಟ್ಟಳು. "ಇದ್ದಾಗ ಇದ್ದೆ. ಅದು ಸಾಕು."

ಘಟ್ಟ ಏರತೊಡಗಿದೆವು. ಅರ್ಧ ಹತ್ತಿರಬೇಕು, ಮಂಗಗಳು ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದ ಒಂದು ತಿರುವಿನಲ್ಲಿ, "ವಿಶಾಖಾ," ಎಂದಳು. ಹೆಸರು ಹಿಡಿದು ಕರೆಯುವುದು ಕಡಿಮೆ. "ಅವ ನಿನ್ನ ಜೋಡಿ ಹ್ಯಾಂಗಿದ್ದ?"

ಯಾರು ಎಂದು ನಾನು ಕೇಳಲಿಲ್ಲ.

"ನನಗ ಅವ ಸಣ್ಣಂವ ಇದ್ದದ್ದು ಗೊತ್ತದ. ಸಾಲಿ ಕಲತದ್ದು ಗೊತ್ತದ. ಲಗ್ನ ಆದ ಮ್ಯಾಲ ಬಾಗಲಾ ಹಾಕ್ಕೊಂಡು ನಿಮ್ಮ ಖೋಲ್ಯಾಗ ಏನ್ ಮಾತಾಡ್ತಿದ್ದ, ಏನಕ್ಕ ನಗ್ತಿದ್ದ, ನನಗೇನ್ ಗೊತ್ತು. ತಂಗಿಗಿ ದಿನಾ ಅವನ ಸುದ್ದಿ ಹೇಳ್ತಿದ್ದೆ. ನನ್ನ ಬಲ್ಲಿ ಇದ್ದದ್ದೆಲ್ಲ ಮುಗೀತು. ಇನ್ನ ನೀ ಹೇಳು."

ಅಷ್ಟು ಹೇಳುವಾಗಲೇ ಅವಳ ದನಿ ಒಡೆಯಿತು. ಚಹದ ಅಂಗಡಿಯ ಪಕ್ಕ ನಿಲ್ಲಿಸಿದೆ. ಅವ್ವ ಅತ್ತಳು. ಸೆರಗು ಬಾಯಿಗೆ ಒತ್ತಿಕೊಳ್ಳದೆ, ಮುಚ್ಚಿಡದೆ, ಎಂಟು ತಿಂಗಳಿನದನ್ನೆಲ್ಲ. ನಾನು ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ. ಎಷ್ಟೋ ಲಾರಿಗಳು ದಾಟಿ ಹೋದವು.

ಆಮೇಲೆ ಹೇಳಿದೆ. ನೀವು ನಿದ್ದೆಯಲ್ಲಿ ಎಮ್ಮೆಗಳಿಗೆ ಗದರುತ್ತಿದ್ದದ್ದು, ಲಗ್ನವಾದ ವಾರ ನನಗೆ ಚಪಾತಿ ಮಾಡಿಕೊಟ್ಟು ಅವ್ವನಿಗೆ ಹೇಳಬೇಡ ಎಂದದ್ದು, ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ನನ್ನನ್ನು ಬೀದರದ ಕೋಟೆಗೆ ಕರೆದೊಯ್ದು ಮೂರು ತಾಸು ಒಂದೂ ಮಾತಾಡದೆ ಪಕ್ಕದಲ್ಲಿ ಕೂತದ್ದು. ಕರಾಡದಲ್ಲಿ ಚಾರ್ಜ್ ಆಗುವ ತನಕ ಹೇಳಿದೆ, ಪಂಢರಪುರದ ದಾರಿಯಲ್ಲಿ ಹೇಳಿದೆ, ಮರುದಿನ ಸೋಲಾಪುರ ದಾಟಿದ ಮೇಲೂ ಮುಗಿಯಲಿಲ್ಲ. ಚಪಾತಿಯ ಮಾತಿಗೆ ಅವ್ವ ಬಹಳ ನಕ್ಕಳು. "ನನಗ ಆವತ್ತೇ ಗೊತ್ತಿತ್ತು. ಹಿಟ್ಟು ನೆಲಕ್ಕೆಲ್ಲ ಬಿದ್ದಿತ್ತು," ಎಂದಳು.

ಹೇಳಿದ್ದನ್ನೆಲ್ಲ ಇಲ್ಲಿ ಬರೆದಿಡಬೇಕೆಂದು ಬೆಳಿಗ್ಗೆ ಎದ್ದು ಕೂತಿದ್ದೆ. ಆದರೆ ಒಳಗೆ ಅವ್ವ ಎದ್ದಿದ್ದಾಳೆ. ನಿಮ್ಮ ಫೋಟೋ ಇದ್ದ ಗೋಡೆಯ ಮೊಳೆ ಸಡಿಲವಾಗಿದೆಯಂತೆ, ಸುತ್ತಿಗೆ ಎಲ್ಲಿಟ್ಟಿದ್ದೀ ಎಂದು ಎರಡನೇ ಸಲ ಕೂಗುತ್ತಿದ್ದಾಳೆ.